ಡಿಸ್ಕ್ ಹೊಸದು, ನಡುಕ ಹಳೆಯದು

ಹಳೆ ಕಾರಿಗೆ ಹೊಸ ಬ್ರೇಕ್ ಡಿಸ್ಕ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ) ಹಾಕಿ ಕೆಲವು ತಿಂಗಳು ಕಳೆದ ಮೇಲೆ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಲು ಶುರುವಾದರೆ ಎಲ್ಲರೂ ಬೈಯುವುದು ಡಿಸ್ಕನ್ನೇ. ಮಾಲು ಸರಿಯಿಲ್ಲ, ಡಿಸ್ಕ್ ಬೆಂಡಾಗಿದೆ ಅನ್ನುತ್ತಾರೆ. ನನ್ನ ಕೈಗೆ ಬಂದ ಇಂಥ ಕಾರುಗಳ ಡಿಸ್ಕ್ ಬಿಚ್ಚಿ ನೋಡಿದಾಗ ಹೆಚ್ಚಿನ ಸಲ ಕಂಡದ್ದು ಬೇರೆಯೇ: ಡಿಸ್ಕ್ ಹಿಂದೆ, ಹಬ್ (ಡಿಸ್ಕೂ ಚಕ್ರವೂ ಕೂರುವ ನಡುಭಾಗ) ಮುಖದ ಮೇಲೆ, ಯಾರೂ ಉಜ್ಜದೆ ಬಿಟ್ಟಿದ್ದ ತುಕ್ಕು. ಮನೆಯಲ್ಲೇ ಡಿಸ್ಕ್ ಬದಲಿಸುವವರು ಬಿಚ್ಚಿ ಹಾಕುವುದನ್ನೇ ಕೆಲಸ ಅಂದುಕೊಳ್ಳುತ್ತಾರೆ. ಹೊಸ ಡಿಸ್ಕ್ ಕೂರುವ ಜಾಗವನ್ನು ಸಿದ್ಧ ಮಾಡುವುದೇ ನಿಜವಾದ ಕೆಲಸ.

ಮೊದಲು, ಬದಲಿಸಬೇಕೋ ಬೇಡವೋ ಅಳೆದು ನೋಡಿ. ಡಿಸ್ಕಿನ ಅಂಚಿನಲ್ಲೋ ನಡುವಿನ ಉಬ್ಬು ಭಾಗದಲ್ಲೋ ಕನಿಷ್ಠ ದಪ್ಪ ಎಷ್ಟೆಂದು ಅಚ್ಚೊತ್ತಿರುತ್ತಾರೆ. ಹೊಸದಿದ್ದಾಗ 22 ಮಿ.ಮೀ. ಇರುವ ಡಿಸ್ಕಿಗೆ 20 ಮಿ.ಮೀ. ಕನಿಷ್ಠ ಇರುವುದು ಸಾಮಾನ್ಯ. ಅಂದರೆ ಎರಡೂ ಮುಖ ಸೇರಿ ಸವೆಯಲು ಇರುವುದು ಎರಡೇ ಮಿಲಿಮೀಟರು. ಪ್ಯಾಡ್ (ಬ್ರೇಕ್ ಒತ್ತಿದಾಗ ಡಿಸ್ಕನ್ನು ಹಿಡಿಯುವ ಬಿಲ್ಲೆ) ತಾಗದ ಹೊರ ಅಂಚು ಸವೆಯದೆ ಏಣಿನಂತೆ ಎದ್ದಿರುತ್ತದೆ. ದಪ್ಪ ಅಳೆಯುವ ವರ್ನಿಯರ್ ಅದರ ಮೇಲೆ ಕೂತರೆ ಸವೆದ ಡಿಸ್ಕೂ ದಪ್ಪವಾಗಿಯೇ ಕಾಣುತ್ತದೆ. ಡಿಸ್ಕಿನ ಎರಡೂ ಬದಿಗೆ ಒಂದೊಂದು ನಾಣ್ಯ ಇಟ್ಟು ಅಳೆದು, ಆಮೇಲೆ ನಾಣ್ಯಗಳ ದಪ್ಪವನ್ನು ಕಳೆದರೆ ಸರಿಯಾದ ಲೆಕ್ಕ ಸಿಗುತ್ತದೆ. ಬದಲಿಸುವುದಾದರೆ ಎಡ ಬಲ ಎರಡನ್ನೂ ಒಟ್ಟಿಗೆ ಬದಲಿಸಿ, ಪ್ಯಾಡುಗಳನ್ನೂ ಹೊಸದೇ ಹಾಕಿ. ಹಳೆ ಡಿಸ್ಕಿನ ಗೆರೆಗಳಿಗೆ ಒಗ್ಗಿಕೊಂಡ ಪ್ಯಾಡ್ ಹೊಸ ಡಿಸ್ಕಿನ ಮೇಲೆ ಅಲ್ಲಲ್ಲಿ ಮಾತ್ರ ತಾಗುತ್ತದೆ.

ಸುರಕ್ಷತೆಯ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಜ್ಯಾಕ್ ಇರುವುದು ಎತ್ತಲು ಮಾತ್ರ. ಎತ್ತಿದ ಕಾರನ್ನು ಹೊರಬೇಕಾದ್ದು ಸ್ಟ್ಯಾಂಡ್. ನೆಲ ಸಮವಾಗಿ, ಗಟ್ಟಿಯಾಗಿರಬೇಕು. ನೆಲದಲ್ಲೇ ಉಳಿಯುವ ಚಕ್ರಗಳಿಗೆ ಅಡ್ಡ ಕೊಡಬೇಕು. ವೀಲ್ ನಟ್ಟುಗಳನ್ನು ಎತ್ತುವ ಮೊದಲೇ ಸ್ವಲ್ಪ ಸಡಿಲಿಸಿಕೊಳ್ಳಿ. ಹಿಂದಿನ ಚಕ್ರದ ಕೆಲಸವಾದರೆ ಹ್ಯಾಂಡ್‌ಬ್ರೇಕ್ ಬಿಟ್ಟಿರಲೇಬೇಕು, ಆಗ ಮುಂದಿನ ಚಕ್ರಗಳಿಗೆ ಕೊಟ್ಟ ಅಡ್ಡವೇ ಗತಿ. ಬ್ರೇಕ್ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ತೀರಾ ಹಳೆಯ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿದ ಕೂಡಲೇ ಅದನ್ನು ತಂತಿಯಲ್ಲಿ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ ನೇತುಹಾಕಿ. ಬ್ರೇಕ್ ಆಯಿಲ್ ಹರಿಯುವ ರಬ್ಬರ್ ಹೋಸಿನ ಮೇಲೆ ಅದರ ಭಾರ ಬೀಳಬಾರದು. ಹಳೆ ಹೋಸಿಗೆ ಒಳಗಿನಿಂದ ಪೆಟ್ಟಾದರೆ ಹೊರಗೆ ಏನೂ ಕಾಣುವುದಿಲ್ಲ. ಡಿಸ್ಕನ್ನು ಹಬ್‌ಗೆ ಹಿಡಿದಿಟ್ಟ ಸಣ್ಣ ಸ್ಕ್ರೂ ಹಳೆ ಕಾರಲ್ಲಿ ಸುಲಭಕ್ಕೆ ಬರುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಆಮೇಲೂ ಕೈಯಲ್ಲಿ ತಿರುವಿ ತಲೆ ಹಾಳುಮಾಡುವ ಬದಲು ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬಳಸಿ. ಅನೇಕ ಡಿಸ್ಕುಗಳಲ್ಲಿ ಮರೆ (ಥ್ರೆಡ್) ಇರುವ ಎರಡು ತೂತುಗಳಿರುತ್ತವೆ. ಅವಕ್ಕೆ ಸರಿಹೊಂದುವ ಬೋಲ್ಟ್ ಹಾಕಿ ಒಂದಾದ ಮೇಲೆ ಒಂದನ್ನು ಬಿಗಿಯುತ್ತ ಹೋದರೆ ಡಿಸ್ಕ್ ತಾನೇ ಹೊರಬರುತ್ತದೆ. ಸುತ್ತಿಗೆ ಪೆಟ್ಟಿಗಿಂತ ಇದು ಎಷ್ಟೋ ಮೇಲು, ಏಕೆಂದರೆ ಪ್ರತಿ ಪೆಟ್ಟೂ ಬೇರಿಂಗಿಗೆ ಹೋಗುತ್ತದೆ. ಹಿಂದಿನ ಡಿಸ್ಕಿನ ಒಳಗೇ ಹ್ಯಾಂಡ್‌ಬ್ರೇಕಿನ ಶೂ ಇರುವ ಕಾರುಗಳಲ್ಲಿ ಅದರ ಅಡ್ಜಸ್ಟರನ್ನು ಮೊದಲು ಸಡಿಲಿಸಬೇಕು. ಬೇರಿಂಗ್ ಡಿಸ್ಕಿನಲ್ಲೇ ಸೇರಿಕೊಂಡಿರುವ ಮಾಡೆಲ್‌ಗಳೂ ಇವೆ. ಅದು ಮೊದಲ ಸಲ ಕೈಹಾಕುವವರ ಕೆಲಸವಲ್ಲ.

ಡಿಸ್ಕ್ ಹೊರಗೆ ಬಂತು. ಇಲ್ಲಿ ನಿಧಾನಿಸಿ.

ಹಬ್ ಮುಖವನ್ನು ಬೆಳಕು ಬಿಟ್ಟು ನೋಡಿ. ನಡುವಿನ ಭಾಗ ಹೊಳೆಯುತ್ತಿರಬಹುದು. ಆದರೆ ವೀಲ್ ನಟ್ ಕೂರುವ ಪ್ರತಿ ಸ್ಟಡ್ಡಿನ ಬುಡದಲ್ಲಿ ಉಂಗುರದಂತೆ ಕಂದು ತುಕ್ಕು ಕೂತಿರುತ್ತದೆ, ಹೊರ ಅಂಚಿನಲ್ಲಿ ಹಕ್ಕಳೆ ಎದ್ದಿರುತ್ತದೆ. ವೈರ್ ಬ್ರಶ್ ಸ್ಟಡ್ಡಿನ ಬುಡ ಮುಟ್ಟುವುದಿಲ್ಲ. ಅದಕ್ಕೆಂದೇ ಸ್ಟಡ್ಡಿನ ಮೇಲೆ ತೂರುವ ಉಜ್ಜುವ ಸಾಧನ ಸಿಗುತ್ತದೆ, ಇಲ್ಲವಾದರೆ ಎಮರಿ ಪೇಪರ್ ಮಡಚಿ ಬೆರಳಲ್ಲೇ ಉಜ್ಜಬೇಕು. ಉಗುರು ಎಳೆದಾಗ ಎಲ್ಲೂ ತಡೆಯಬಾರದು, ಲೋಹದ ಸ್ಕೇಲನ್ನು ಅಡ್ಡ ಇಟ್ಟರೆ ಅಲುಗಬಾರದು. ಡಿಸ್ಕಿನ ನಡುತೂತು ಕೂರುವ ದುಂಡು ಅಂಚನ್ನೂ ಹಾಗೇ ಉಜ್ಜಿ. ಅಲ್ಲಿ ಮಾತ್ರ ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ಚಪ್ಪಟೆ ಮುಖಕ್ಕೆ ಗ್ರೀಸ್ ಬಳಿಯುವುದು ನನಗೆ ಒಪ್ಪಿಗೆಯಿಲ್ಲ. ಅದು ಒಣಗಿ, ಸ್ವಚ್ಛವಾಗಿರಬೇಕು.

ಇಷ್ಟು ಹಟ ಏಕೆ? ಲೆಕ್ಕ ನೋಡಿ. ಹಬ್ ಅಂಚಿನಲ್ಲಿ, ನಡುವಿನಿಂದ ಸುಮಾರು 65 ಮಿ.ಮೀ. ದೂರದಲ್ಲಿ, 0.05 ಮಿ.ಮೀ. ದಪ್ಪದ ತುಕ್ಕಿನ ಚೂರು ಉಳಿಯಿತು ಅಂದುಕೊಳ್ಳಿ. ಡಿಸ್ಕ್ ಆ ಚೂರಿನ ಮೇಲೆ ವಾಲುತ್ತದೆ. ಪ್ಯಾಡ್ ಹಿಡಿಯುವ 120 ಮಿ.ಮೀ. ದೂರಕ್ಕೆ ಹೋಗುವಷ್ಟರಲ್ಲಿ ಆ ಓಲಾಟ 0.09 ಮಿ.ಮೀ. ಆಗಿರುತ್ತದೆ. ಅನೇಕ ಕಾರುಗಳಿಗೆ ತಯಾರಕರು ಒಪ್ಪುವ ಮಿತಿ 0.05ರಿಂದ 0.1 ಮಿ.ಮೀ. ಒಳಗಿನದು. ಕೂದಲೆಳೆಯಷ್ಟೂ ಇಲ್ಲದ ಚೂರು ಇಡೀ ಮಿತಿಯನ್ನು ತಿಂದುಹಾಕಿತು.

ಆದರೂ ಆ ದಿನ ನಡುಕ ಬರುವುದಿಲ್ಲ. ಮೋಸ ಇರುವುದು ಇಲ್ಲೇ. ಓಲಾಡುವ ಡಿಸ್ಕ್ ಬ್ರೇಕ್ ಒತ್ತದಿದ್ದಾಗಲೂ ಪ್ರತಿ ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಪ್ಯಾಡಿಗೆ ತಾಗುತ್ತಾ ಹೋಗುತ್ತದೆ. ಸಾವಿರಾರು ಕಿಲೋಮೀಟರ್ ಓಡಿದ ಮೇಲೆ ಆ ಜಾಗ ಉಳಿದ ಕಡೆಗಿಂತ ತೆಳುವಾಗುತ್ತದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. 0.02 ಮಿ.ಮೀ. ವ್ಯತ್ಯಾಸ ಬಂದರೂ ಪೆಡಲ್ ಪಾದದಡಿ ಮಿಡಿಯುತ್ತದೆ. ಜನ ಬೆಂಡ್ ಎನ್ನುವುದು ಬಹುಮಟ್ಟಿಗೆ ಇದನ್ನೇ. ಅಷ್ಟರಲ್ಲಿ ಹಬ್ ಉಜ್ಜದ್ದು ಯಾರಿಗೂ ನೆನಪಿರುವುದಿಲ್ಲ.

ಡಯಲ್ ಗೇಜ್ (ಮೊನೆ ತಾಗಿಸಿ ಸಣ್ಣ ಅಲುಗಾಟವನ್ನೂ ತೋರಿಸುವ ಮಾಪಕ) ಸಿಕ್ಕರೆ ಓಲಾಟ ಅಳೆಯಿರಿ. ಹೊಸ ಡಿಸ್ಕಿಗೆ ಬಳಿದ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ತೆಗೆದು, ವಾಷರ್ ಹಾಕಿ ವೀಲ್ ನಟ್ಟುಗಳಿಂದ ಬಿಗಿದು, ಹೊರ ಅಂಚಿನಿಂದ 10 ಮಿ.ಮೀ. ಒಳಗೆ ಗೇಜಿನ ಮೊನೆ ಇಟ್ಟು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಮಿತಿ ಮೀರಿದರೆ ಡಿಸ್ಕನ್ನು ಒಂದು ಸ್ಟಡ್ಡಿನಷ್ಟು ತಿರುಗಿಸಿ ಕೂರಿಸಿ ಮತ್ತೆ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಇನ್ನು ಕ್ಯಾಲಿಪರ್. ತೆಗೆದ ಹಳೆ ಪ್ಯಾಡುಗಳನ್ನು ಎಸೆಯುವ ಮೊದಲು ಜೋಡಿ ಇಟ್ಟು ನೋಡಿ. ಒಳಗಿನದು ಹೊರಗಿನದಕ್ಕಿಂತ ತುಂಬ ಸವೆದಿದ್ದರೆ ಹೆಚ್ಚಾಗಿ ಕ್ಯಾಲಿಪರ್ ಜಾರಲು ಇರುವ ಸ್ಲೈಡ್ ಪಿನ್ ಹಿಡಿದುಕೊಂಡಿದೆ ಎಂದು ಅರ್ಥ. ಪಿನ್ ಹೊರತೆಗೆದು, ಗಟ್ಟಿಯಾದ ಹಳೆ ಗ್ರೀಸ್ ಒರೆಸಿ, ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಿ. ಸಾಮಾನ್ಯ ಗ್ರೀಸ್ ತಾಗಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿಯುತ್ತದೆ. ಪ್ಯಾಡ್ ಜಾರುವ ಬ್ರ್ಯಾಕೆಟ್ಟಿನಲ್ಲಿ ಕ್ಲಿಪ್ ಕೆಳಗೆ ಸೇರಿದ ತುಕ್ಕನ್ನೂ ಕೆರೆಯಿರಿ. ಹೊಸ ಪ್ಯಾಡ್ ಬೆರಳಲ್ಲಿ ತಳ್ಳಿದರೆ ಸರಾಗ ಜಾರಬೇಕು.

ಪ್ಯಾಡನ್ನು ಒತ್ತುವ ಪಿಸ್ಟನ್ನನ್ನು ಜಿ-ಕ್ಲ್ಯಾಂಪಿನಿಂದ ನಿಧಾನಕ್ಕೆ ಒಳಗೆ ತಳ್ಳಿ, ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಕಣ್ಣಿರಲಿ, ಆಯಿಲ್ ಅಲ್ಲಿಗೆ ಏರಿ ಬರುತ್ತದೆ. ಬ್ರೇಕ್ ಆಯಿಲ್ ಚೆಲ್ಲಿದರೆ ಬಣ್ಣ ತಿನ್ನುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ. ಹ್ಯಾಂಡ್‌ಬ್ರೇಕ್ ಕೂಡಿಕೊಂಡ ಹಿಂದಿನ ಕ್ಯಾಲಿಪರಾದರೆ ಪಿಸ್ಟನ್ನನ್ನು ತಿರುಗಿಸುತ್ತಾ ಒಳಗೆ ಕಳಿಸಬೇಕು, ಬರೀ ತಳ್ಳಿದರೆ ಒಳಗಿನ ಸ್ಕ್ರೂ ಕೆಡುತ್ತದೆ. ಧೂಳು ತಡೆಯುವ ರಬ್ಬರ್ ಹರಿದಿದ್ದರೆ, ಪಿಸ್ಟನ್ ಜಗ್ಗದಿದ್ದರೆ, ಹೋಸ್ ಬಿರುಕು ಬಿಟ್ಟಿದ್ದರೆ ಅಲ್ಲಿಗೆ ನಿಲ್ಲಿಸಿ. ಅದು ಸರಿಯಾಗುವ ತನಕ ಕಾರು ರಸ್ತೆಗೆ ಇಳಿಯಬಾರದು.

ಜೋಡಿಸುವಾಗ ಪ್ರತಿ ಬೋಲ್ಟಿನ ಬಿಗಿತ ನಿಮ್ಮ ಕಾರಿನ ಮ್ಯಾನ್ಯುವಲ್ಲಿನಂತೆಯೇ ಇರಲಿ. ಒಂದು ಅಂದಾಜಿಗೆ, ಬ್ರ್ಯಾಕೆಟ್ ಬೋಲ್ಟುಗಳು 100 ನ್ಯೂಟನ್ ಮೀಟರಿನ ಆಸುಪಾಸು, ಸ್ಲೈಡ್ ಪಿನ್ ಬೋಲ್ಟುಗಳು 30ರ ಆಸುಪಾಸು. ಎರಡನ್ನೂ ಒಂದೇ ಜೋರಿನಲ್ಲಿ ಎಳೆದರೆ ಪಿನ್ನಿನ ಮರೆ ಹೋಗುತ್ತದೆ. ವೀಲ್ ನಟ್ಟುಗಳನ್ನು ಎದುರುಬದುರಾಗಿ, ಬಿಗಿತ ತೋರಿಸುವ ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ. ಇಂಪ್ಯಾಕ್ಟ್ ಗನ್ನಿನಲ್ಲಿ ಒಂದೇ ಏಟಿಗೆ ಬಿಗಿದರೆ ಇಷ್ಟು ಹೊತ್ತು ಉಜ್ಜಿ ಕೂರಿಸಿದ ಡಿಸ್ಕ್ ಮತ್ತೆ ವಾಲುತ್ತದೆ.

ಕಾರು ಕದಲಿಸುವ ಮೊದಲು ಪೆಡಲನ್ನು ಗಟ್ಟಿಯಾಗುವ ತನಕ ಒತ್ತುತ್ತಿರಿ. ಮೊದಲ ಒತ್ತು ನೆಲಕ್ಕೇ ಹೋಗುತ್ತದೆ, ಏಕೆಂದರೆ ಪಿಸ್ಟನ್ ಇನ್ನೂ ಒಳಗಿದೆ. ಇದನ್ನು ಮರೆತು ಗೇರ್ ಹಾಕಿದರೆ ಎದುರಿನ ಗೋಡೆಯೇ ಬ್ರೇಕು. ಆಯಿಲ್ ಮಟ್ಟ ನೋಡಿ, ಹೊಸ ಪ್ಯಾಡ್ ಡಿಸ್ಕಿಗೆ ಒಗ್ಗಲು ಖಾಲಿ ರಸ್ತೆಯಲ್ಲಿ 60ರಿಂದ 30 ಕಿ.ಮೀ. ವೇಗಕ್ಕೆ ಹದವಾಗಿ ಇಳಿಸುವುದನ್ನು ಹತ್ತು ಸಲ ಮಾಡಿ, ನಡುನಡುವೆ ಗಾಳಿಗೆ ಆರಲು ಬಿಡಿ. ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿಯೇ ಇರಬೇಡಿ. ಬಿಸಿ ಡಿಸ್ಕಿಗೆ ಪ್ಯಾಡಿನ ಪದರ ಒಂದೇ ಕಡೆ ಅಂಟಿ ಅಲ್ಲಿಂದಲೂ ನಡುಕ ಶುರುವಾಗುತ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್ಟುಗಳ ಬಿಗಿತವನ್ನು ಇನ್ನೊಮ್ಮೆ ನೋಡಿ.