ದತ್ತು ಮಗುವಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದೇವೆ, ಈಗಲೇ ಏನು ತಯಾರಿ ಮಾಡಿಕೊಳ್ಳಲಿ?

ಓದುಗರ ಪ್ರಶ್ನೆ: ಬೇರೆ ದೇಶದಿಂದ ಮಗುವನ್ನು ದತ್ತು ಪಡೆಯಲು ಅರ್ಜಿ ಹಾಕಿ ಎರಡು ವರ್ಷ ದಾಟಿತು. ಹೋಮ್ ಸ್ಟಡಿ, ಅಂದರೆ ನಮ್ಮ ಮನೆ, ಕುಟುಂಬದ ಪರಿಶೀಲನೆ ಆಯ್ತು, ಕಡತ ಆ ದೇಶಕ್ಕೆ ಹೋಯ್ತು. ಇನ್ನೆಷ್ಟು ದಿನ ಅಂತ ಕೇಳಿದರೆ ಯಾರೂ ಹೇಳುವುದಿಲ್ಲ. ಸುಮ್ನೆ ಕೂತು ಕಾಯೋಕೆ ಆಗ್ತಿಲ್ಲ. ಮಗುವಿನ ಕೋಣೆಯನ್ನಾದರೂ ಸಿದ್ಧ ಮಾಡಿಬಿಡಲಾ?

ಉತ್ತರ: ಕೋಣೆ ಈಗಲೇ ಬೇಡ. ನಾನೂ ಕಾದವಳು, ಅದಕ್ಕೇ ಇಷ್ಟು ನೇರವಾಗಿ ಹೇಳುತ್ತಿದ್ದೇನೆ. ಅರ್ಜಿ ಹಾಕಿದ ಮೊದಲ ವರ್ಷವೇ ಒಂದು ವರ್ಷದ ಮಗುವಿಗೆ ಆಗುವಂಥ ಹಳದಿ ಫ್ರಾಕ್ ತಂದು ಬೀರುವಿನಲ್ಲಿಟ್ಟಿದ್ದೆ. ಮಗಳು ಮನೆಗೆ ಬಂದಾಗ ಅವಳಿಗೆ ಮೂರೂವರೆ ವರ್ಷ. ನಡುವಿನ ಅಷ್ಟೂ ಕಾಲ ಬೀರು ತೆಗೆದಾಗಲೆಲ್ಲ ಆ ಫ್ರಾಕ್ ಕಣ್ಣಿಗೆ ಬೀಳುತ್ತಿತ್ತು, ಎದೆ ಚುರ್ ಎನ್ನುತ್ತಿತ್ತು. ಒಂದು ಫ್ರಾಕೇ ಇಷ್ಟು ಕಾಡಿದರೆ ತೊಟ್ಟಿಲು, ಆಟಿಕೆ ತುಂಬಿದ ಖಾಲಿ ಕೋಣೆ ಎಷ್ಟು ಕಾಡಬಹುದು, ಯೋಚಿಸಿ. ಬರುವ ಮಗು ಎಷ್ಟು ದೊಡ್ಡದು, ಅದಕ್ಕೆ ಏನು ಇಷ್ಟ, ಕತ್ತಲೆಗೆ ಹೆದರುತ್ತದೋ ಬೆಳಕಿಗೆ ಹೆದರುತ್ತದೋ ಯಾವುದೂ ನಮಗೆ ಗೊತ್ತಿರುವುದಿಲ್ಲ. ಕೋಣೆಗೆ ಎರಡು ದಿನ ಸಾಕು. ವರ್ಷಗಳು ಬೇಕಾಗುವುದು ಬೇರೆ ಕೆಲಸಗಳಿಗೆ.

ಮೊದಲು, ಇಷ್ಟು ತಡ ಯಾಕೆ ಅನ್ನುವುದು ಗೊತ್ತಿರಲಿ. ಅದು ಗೊತ್ತಿಲ್ಲದಿದ್ದರೆ ಸಿಟ್ಟೆಲ್ಲ ಯಾವುದೋ ಗುಮಾಸ್ತರ ಮೇಲೆ ಹೋಗುತ್ತದೆ. ದೇಶ ದೇಶಗಳ ನಡುವಿನ ದತ್ತುವಿಗೆ 1993ರ ಹೇಗ್ ಒಪ್ಪಂದ ಎಂಬ ಚೌಕಟ್ಟಿದೆ. ನೂರಕ್ಕೂ ಹೆಚ್ಚು ದೇಶಗಳು ಅದಕ್ಕೆ ಸೇರಿವೆ. ಮಗುವಿಗೆ ತನ್ನ ದೇಶದಲ್ಲೇ ಒಂದು ಕುಟುಂಬ ಸಿಗುತ್ತದಾ ಅಂತ ಮೊದಲು ಸರಿಯಾಗಿ ನೋಡಬೇಕು, ಆಮೇಲಷ್ಟೇ ಹೊರದೇಶದ ಮಾತು ಅನ್ನುವುದು ಅದರ ಮುಖ್ಯ ನಿಯಮ. ಹೆತ್ತವರು ತಿಳಿದು, ಒತ್ತಡವಿಲ್ಲದೆ ಒಪ್ಪಿಗೆ ಕೊಟ್ಟಿದ್ದಾರಾ, ಅದಕ್ಕೆ ಯಾರಾದರೂ ದುಡ್ಡು ಕೊಟ್ಟಿದ್ದಾರಾ, ಇದನ್ನೂ ನೋಡಬೇಕು. ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಹಿಡಿಯಲೇಬೇಕು. ಅವಸರ ಮಾಡಿದ ಕಡೆ ಏನಾಯಿತು ಅಂತ ಈಗ ಗೊತ್ತಾಗುತ್ತಿದೆ. ಹಿಂದಿನ ದಶಕಗಳಲ್ಲಿ ದಕ್ಷಿಣ ಕೊರಿಯಾದಿಂದ ಹೊರದೇಶಗಳಿಗೆ ಹೋದ ಮಕ್ಕಳಲ್ಲಿ ಎಷ್ಟೋ ಜನರ ದಾಖಲೆಗಳನ್ನು ತಿದ್ದಲಾಗಿತ್ತು, ಹೆತ್ತವರಿದ್ದ ಮಕ್ಕಳನ್ನೂ ಅನಾಥರೆಂದು ಬರೆಯಲಾಗಿತ್ತು ಎಂದು ಆ ದೇಶದ ಸತ್ಯಶೋಧನಾ ಆಯೋಗವೇ 2025ರಲ್ಲಿ ಹೇಳಿತು. ಹಾಗಾಗಿ 'ಬೇಗ ಮಾಡಿಸಿಕೊಡ್ತೀವಿ' ಅನ್ನುವವರು ಸಿಕ್ಕರೆ ದಯವಿಟ್ಟು ದೂರ ಇರಿ.

ಇನ್ನೊಂದು ಮಾತು ಹೇಳುವುದು ಕಷ್ಟ, ಆದರೂ ಹೇಳಬೇಕು. ಬಾಗಿಲುಗಳು ಮುಚ್ಚುತ್ತಿವೆ. 2004ರಲ್ಲಿ ಅಮೆರಿಕಕ್ಕೆ ದತ್ತುವಾಗಿ ಬಂದ ಹೊರದೇಶದ ಮಕ್ಕಳು ಸುಮಾರು 23,000. 2023ರಲ್ಲಿ 1,275. ಹೊರದೇಶಕ್ಕೆ ದತ್ತು ಕೊಡುವುದನ್ನು ಇಥಿಯೋಪಿಯಾ 2018ರಲ್ಲಿ ನಿಲ್ಲಿಸಿತು. ಚೀನಾ 2024ರ ಸೆಪ್ಟೆಂಬರ್‌ನಲ್ಲಿ, ಹತ್ತಿರದ ಸಂಬಂಧಿಕರ ದತ್ತು ಬಿಟ್ಟು ಉಳಿದದ್ದನ್ನೆಲ್ಲ ನಿಲ್ಲಿಸಿತು. ಮಗು ಇದೇ ಅಂತ ಗೊತ್ತುಮಾಡಿ ಫೋಟೊ ಕೈಗೆ ಬಂದು, ವರ್ಷಗಳಿಂದ ಕಾಯುತ್ತಿದ್ದ ನೂರಾರು ಕುಟುಂಬಗಳ ಕೈಯಲ್ಲಿ ಆ ಫೋಟೊ ಹಾಗೇ ಉಳಿಯಿತು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ನೀವು ಅರ್ಜಿ ಹಾಕಿರುವ ದೇಶದಲ್ಲಿ ಈಗ ಪರಿಸ್ಥಿತಿ ಹೇಗಿದೆ, ಕಳೆದ ವರ್ಷ ಎಷ್ಟು ಮಕ್ಕಳು ಮನೆ ಸೇರಿದರು, ಅವರ ವಯಸ್ಸೆಷ್ಟು ಎಂದು ನಿಮ್ಮ ದತ್ತು ಏಜೆನ್ಸಿಯನ್ನು ಆರು ತಿಂಗಳಿಗೊಮ್ಮೆ ಕೇಳಿ. ಗಂಡ ಹೆಂಡತಿ ಕೂತು ಒಂದು ದಿನಾಂಕವನ್ನೂ ಗೊತ್ತುಮಾಡಿಕೊಳ್ಳಿ. ಆ ದಿನ ಬಂದಾಗ ಮುಂದುವರಿಯೋಣವಾ, ದೇಶ ಬದಲಿಸೋಣವಾ, ಇಲ್ಲಿಗೆ ನಿಲ್ಲಿಸೋಣವಾ ಅಂತ ಮತ್ತೆ ಮಾತಾಡಿ. ಪ್ರತಿ ರಾತ್ರಿ ಅದೇ ಮಾತು ಆಡಿ ಆಡಿ ಸೋಲುವುದಕ್ಕಿಂತ ಇದು ಎಷ್ಟೋ ವಾಸಿ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಹೋಮ್ ಸ್ಟಡಿ, ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ವರದಿ, ಪಾಸ್‌ಪೋರ್ಟ್ ಎಲ್ಲಕ್ಕೂ ಅವಧಿ ಇದೆ. ಒಂದು ಕ್ಯಾಲೆಂಡರ್‌ನಲ್ಲಿ ಪ್ರತಿಯೊಂದರ ಕೊನೆಯ ದಿನ ಬರೆದು, ಮೂರು ತಿಂಗಳು ಮೊದಲೇ ನವೀಕರಿಸಲು ಗುರುತು ಹಾಕಿ. ಮನೆ ಬದಲಿಸಿದರೆ, ಕೆಲಸ ಬದಲಿಸಿದರೆ ತಕ್ಷಣ ತಿಳಿಸಿ. ಮಗು ಸಿಕ್ಕ ಹೊತ್ತಿನಲ್ಲಿ ಒಂದು ಕಾಗದದ ಅವಧಿ ಮುಗಿದು ಎಲ್ಲ ನಿಂತುಹೋಗುವ ಸಂಕಟ ಬೇಡ.

ಈಗ ನಿಜವಾದ ತಯಾರಿಗೆ ಬರುತ್ತೇನೆ. ನಾವು ಕಾಯುವಾಗ ನಮ್ಮ ಮನಸ್ಸಿನಲ್ಲಿ ಒಂದು ಮಗು ಬೆಳೆಯುತ್ತಿರುತ್ತದೆ. ನಮ್ಮನ್ನು ನೋಡಿದ ಕೂಡಲೇ ನಗುವ, ತೋಳು ಚಾಚುವ ಮಗು. ಆದರೆ ಬರುವ ಮಗುವಿಗೆ ಆ ದಿನ ಹಬ್ಬವಲ್ಲ. ಅದಕ್ಕೆ ಗೊತ್ತಿದ್ದ ಮುಖಗಳು, ವಾಸನೆಗಳು, ಮಾತುಗಳು, ಪಕ್ಕದ ಹಾಸಿಗೆಯ ಗೆಳೆಯ ಎಲ್ಲವೂ ಒಂದೇ ದಿನದಲ್ಲಿ ಇಲ್ಲವಾಗುತ್ತವೆ. ಎದುರಿಗೆ ಅರ್ಥವಾಗದ ಭಾಷೆ ಮಾತಾಡುವ ಇಬ್ಬರು ಅಪರಿಚಿತರು. ಅತ್ತರೆ ಅದು ಆರೋಗ್ಯವಂತ ಮಗು ಅಂತಲೇ ತಿಳಿಯಿರಿ. ಅಳದೇ ಇದ್ದರೆ ಇನ್ನೂ ಜಾಸ್ತಿ ಗಮನ ಬೇಕು.

ನನ್ನ ಮಗಳು ಅಳಲಿಲ್ಲ. ಮೊದಲ ವಾರ ರಾತ್ರಿ ಎದ್ದು ನೋಡಿದರೆ ಕಣ್ಣು ಬಿಟ್ಟುಕೊಂಡು, ಸದ್ದಿಲ್ಲದೆ, ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡು ಮಲಗಿರುತ್ತಿದ್ದಳು. ಎಷ್ಟು ಹೊತ್ತಿನಿಂದ ಎಚ್ಚರವಿದ್ದಳೋ! ಅತ್ತರೆ ಯಾರೂ ಬರುವುದಿಲ್ಲ ಅನ್ನುವುದನ್ನು ಆ ಪುಟ್ಟ ಜೀವ ಎಂದೋ ಕಲಿತಿತ್ತು. ಅವಳು ಮೊದಲ ಸಲ ರಾತ್ರಿ ಜೋರಾಗಿ ಅತ್ತು ನನ್ನನ್ನು ಎಬ್ಬಿಸಿದಾಗ ಐದನೇ ವಾರ ನಡೆಯುತ್ತಿತ್ತು. ಅವತ್ತು ನಾನೂ ಅತ್ತೆ, ಸಂತೋಷಕ್ಕೆ. ನಾನು ಮೊದಲೇ ಓದಿಕೊಂಡಿರದಿದ್ದರೆ 'ನನ್ನ ಮಗು ಎಷ್ಟು ಒಳ್ಳೆಯದು, ರಾತ್ರಿ ತೊಂದರೆಯೇ ಕೊಡಲ್ಲ' ಅಂತ ನಿದ್ದೆ ಮಾಡಿಬಿಡುತ್ತಿದ್ದೆ.

ಅದಕ್ಕೇ ಓದಿ ಅನ್ನುತ್ತೇನೆ. ರುಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ದಶಕದ ಆರಂಭದಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನವಿದೆ. ಅನಾಥಾಲಯಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕಳಿಸಿ, ಎಲ್ಲರ ಬೆಳವಣಿಗೆಯನ್ನೂ ವರ್ಷಗಳ ಕಾಲ ನೋಡುತ್ತಾ ಬಂದರು. ಕುಟುಂಬ ಸೇರಿದ ಮಕ್ಕಳು ಚೇತರಿಸಿಕೊಂಡರು. ಎರಡು ವರ್ಷ ತುಂಬುವ ಮೊದಲೇ ಸೇರಿದವರು ಹೆಚ್ಚು ಚೇತರಿಸಿಕೊಂಡರು, ಸಾಕಿದವರ ಜೊತೆ ಅವರ ನಂಟೂ ಗಟ್ಟಿಯಾಯಿತು. ತಡವಾಗಿ ಬಂದ ಮಗುವಿಗೆ ದಾರಿಯೇ ಇಲ್ಲ ಅಂತ ಇದರ ಅರ್ಥವಲ್ಲ. ದಾರಿ ಉದ್ದ, ಜೊತೆಗೆ ನಡೆಯುವವರಿಗೆ ತಾಳ್ಮೆ ಜಾಸ್ತಿ ಬೇಕು.

ಹೇಗಿರಬಹುದು ಅಂತ ಮೊದಲೇ ಗೊತ್ತಿದ್ದರೆ ಗಾಬರಿ ಕಡಿಮೆ. ದಿಂಬಿನ ಕೆಳಗೆ ಬ್ರೆಡ್ ತುಂಡು ಬಚ್ಚಿಡಬಹುದು. ಬೈಯಬೇಡಿ. ಕೈಗೆಟುಕುವಲ್ಲಿ ಒಂದು ಡಬ್ಬಿಯಲ್ಲಿ ಯಾವಾಗಲೂ ತಿನ್ನಲು ಏನಾದರೂ ಇಡಿ, ಅದು ಖಾಲಿಯಾಗದಂತೆ ನೋಡಿಕೊಳ್ಳಿ. ಊಟ ನಾಳೆಯೂ ಇರುತ್ತದೆ ಅನ್ನುವುದು ಮಾತಿನಿಂದ ಗೊತ್ತಾಗುವುದಿಲ್ಲ, ತುಂಬಿದ ಡಬ್ಬಿ ನೋಡಿ ನೋಡಿ ಗೊತ್ತಾಗುತ್ತದೆ. ಮನೆಗೆ ಬಂದ ಯಾರ ತೊಡೆಯ ಮೇಲಾದರೂ ಹೋಗಿ ಕೂರಬಹುದು. ನೋಡುವವರು 'ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ' ಅನ್ನುತ್ತಾರೆ. ಯಾರು ತನ್ನವರು ಅನ್ನುವುದು ಮಗುವಿಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೇ. ಅದಕ್ಕೇ ಮೊದಲ ಕೆಲವು ತಿಂಗಳು ಉಣಿಸುವುದು, ಸ್ನಾನ ಮಾಡಿಸುವುದು, ಮಲಗಿಸುವುದು, ಬಿದ್ದಾಗ ಎತ್ತಿಕೊಳ್ಳುವುದು ಇಷ್ಟನ್ನೂ ನೀವಿಬ್ಬರೇ ಮಾಡಬೇಕು. ಈ ಮಾತನ್ನು ನಿಮ್ಮ ತಂದೆತಾಯಿಗೆ, ಒಡಹುಟ್ಟಿದವರಿಗೆ ಈಗಲೇ ಹೇಳಿಡಿ. ವರ್ಷಗಳಿಂದ ಕಾದ ಅಜ್ಜಿಯ ಕೈಗೆ ಮಗುವನ್ನು ಕೊಡದೆ ಇರುವುದು ವಿಮಾನ ಇಳಿದ ದಿನ ವಿವರಿಸುವ ವಿಷಯವಲ್ಲ. ನಿಧಾನವಾಗಿ, ಹಲವು ಸಲ ಕೂತು ಮಾತಾಡಿದರೆ ಅವರಿಗೆ ಅರ್ಥವಾಗುತ್ತದೆ. ನಮ್ಮಮ್ಮನಿಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು. ನಮ್ಮ ಹತ್ತಿರ ಒಂದು ವರ್ಷ ಇತ್ತು, ಅದೇ ನಮ್ಮ ಅದೃಷ್ಟ.

ರಜೆಯ ಲೆಕ್ಕವನ್ನೂ ಇದೇ ದೃಷ್ಟಿಯಿಂದ ಹಾಕಿ. ದುಡ್ಡು ಉಳಿಸುವುದಾದರೆ ಕೋಣೆಗಿಂತ ರಜೆಗೆ ಉಳಿಸಿ.

ಭಾಷೆ ಕಲಿಯಿರಿ. ಪೂರ್ತಿ ಬರದಿದ್ದರೂ ಪರವಾಗಿಲ್ಲ. ನಲವತ್ತು ಐವತ್ತು ಮಾತು ಬಾಯಿಗೆ ಬರಲಿ. ನೋವಾಗ್ತಿದೆಯಾ, ಹಸಿವಾ, ನೀರು ಬೇಕಾ, ಬಚ್ಚಲಿಗೆ ಹೋಗಬೇಕಾ, ನಾನು ಇಲ್ಲೇ ಇದ್ದೀನಿ, ಈಗ ಬರ್ತೀನಿ, ಇದು ನಿನ್ನದು. 'ಇದು ನಿನ್ನದು' ಅನ್ನುವ ಮಾತು ಎಷ್ಟು ಉಪಯೋಗಕ್ಕೆ ಬಂತು ಅಂದರೆ! ಎಲ್ಲವನ್ನೂ ಹತ್ತಾರು ಮಕ್ಕಳ ಜೊತೆ ಹಂಚಿಕೊಂಡು ಬೆಳೆದವಳು ತನ್ನದೇ ಬಾಚಣಿಗೆಯನ್ನು ಹಿಡಿದುಕೊಂಡು ಇಡೀ ದಿನ ಓಡಾಡಿದ್ದಳು. ಮಕ್ಕಳು ಹಳೆಯ ಭಾಷೆಯನ್ನು ಬಹಳ ಬೇಗ ಮರೆಯುತ್ತಾರೆ, ಕೆಲವೇ ತಿಂಗಳು ಸಾಕು. ಆದರೆ ಒಳಗೆ ಏನೋ ಉಳಿದಿರುತ್ತದೆ. ಒಂದು ವರ್ಷದ ಆಸುಪಾಸಿನಲ್ಲಿ ಚೀನಾದಿಂದ ಕೆನಡಾಕ್ಕೆ ಬಂದು ಫ್ರೆಂಚ್ ಮಾತಾಡುತ್ತಾ ಬೆಳೆದ ಹುಡುಗಿಯರಿಗೆ ಚೀನೀ ಭಾಷೆಯ ಒಂದು ಪದವೂ ಗೊತ್ತಿರಲಿಲ್ಲ. ಆದರೂ ಆ ಭಾಷೆಯ ಸ್ವರದ ಏರಿಳಿತ ಕೇಳಿಸಿದಾಗ ಅವರ ಮಿದುಳು ಅದನ್ನು ಭಾಷೆ ಎಂದೇ ಗುರುತಿಸಿತು ಅಂತ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ನೀವು ಕಲಿತ ನಾಲ್ಕು ಮಾತು ವ್ಯರ್ಥವಾಗುವುದಿಲ್ಲ.

ಭಾಷೆ ಕಲಿಯಲು ಹೋದಾಗ ಇನ್ನೊಂದು ಲಾಭವಿದೆ. ಆ ದೇಶದ ಜನರ ಪರಿಚಯವಾಗುತ್ತದೆ. ನಾಳೆ ನಿಮ್ಮ ಮಗುವಿಗೆ ತನ್ನ ಹಾಗೇ ಕಾಣುವ ದೊಡ್ಡವರು ಬೇಕು, ಪುಸ್ತಕದ ಚಿತ್ರದಲ್ಲಲ್ಲ, ಮನೆಗೆ ಬಂದು ಹೋಗುವವರಾಗಿ. ಮಗು ಬಂದ ಮೇಲೆ ಅಂಥವರನ್ನು ಹುಡುಕಲು ಪುರುಸೊತ್ತು ಸಿಗುವುದಿಲ್ಲ. ದತ್ತುವಾಗಿ ಬೆಳೆದು ದೊಡ್ಡವರಾದವರ ಮಾತನ್ನೂ ಕೇಳಿ. ಅವರಲ್ಲಿ ಕೆಲವರ ಮಾತಿನಲ್ಲಿ ನೋವಿದೆ, ಕೋಪವಿದೆ. ಕೇಳಲು ಕಷ್ಟ. ಆದರೂ ಎದ್ದು ಹೋಗಬೇಡಿ. ನಿಮ್ಮ ಮಗು ಹದಿನಾರನೇ ವಯಸ್ಸಿನಲ್ಲಿ ಕೇಳಬಹುದಾದ ಪ್ರಶ್ನೆಗಳು ಅಲ್ಲಿವೆ.

ಒಬ್ಬ ಮಕ್ಕಳ ವೈದ್ಯರನ್ನು ಈಗಲೇ ಗೊತ್ತುಮಾಡಿಕೊಳ್ಳಿ, ದತ್ತು ಮಕ್ಕಳನ್ನು ನೋಡಿ ಅನುಭವ ಇದ್ದವರಾದರೆ ಇನ್ನೂ ಒಳ್ಳೆಯದು. ರೆಫರಲ್ ಬಂದಾಗ, ಅಂದರೆ 'ಈ ಮಗು, ಒಪ್ಪುತ್ತೀರಾ' ಅಂತ ಕಡತ ಬಂದಾಗ, ಉತ್ತರ ಕೊಡಲು ಸಿಗುವುದು ಸಾಮಾನ್ಯವಾಗಿ ಕೆಲವೇ ದಿನ. ಎತ್ತರ, ತೂಕ, ತಲೆಯ ಸುತ್ತಳತೆ ತಿಂಗಳು ತಿಂಗಳಿಗೆ ಹೇಗೆ ಬದಲಾಗಿದೆ ಅಂತ ನೋಡಬಲ್ಲವರು ಪಕ್ಕದಲ್ಲಿರಬೇಕು. ಅನಾಥಾಲಯದಂಥ ಸಂಸ್ಥೆಯಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ ಮಕ್ಕಳು ಎತ್ತರದಲ್ಲಿ ಸುಮಾರು ಒಂದು ತಿಂಗಳ ಬೆಳವಣಿಗೆಯಷ್ಟು ಹಿಂದೆ ಬೀಳುತ್ತಾರೆ ಅನ್ನುವುದು ವೈದ್ಯರು ಬಳಸುವ ಒಂದು ಸ್ಥೂಲ ಲೆಕ್ಕ. ಮನೆ ಸೇರಿದ ಮೇಲೆ ಬಹುಪಾಲು ಮಕ್ಕಳು ಸರಸರನೆ ಬೆಳೆಯುತ್ತಾರೆ. ಮನೆಗೆ ಬಂದ ಮೇಲೆ ಹೆಪಟೈಟಿಸ್, ಕ್ಷಯ, ಎಚ್‌ಐವಿ, ಹೊಟ್ಟೆಹುಳದ ಪರೀಕ್ಷೆಗಳನ್ನು ಮತ್ತೆ ಮಾಡಿಸಬೇಕು. ಲಸಿಕೆ ಕಾರ್ಡನ್ನು ಕಣ್ಣುಮುಚ್ಚಿ ನಂಬಬಾರದು. ಯಾವ ಯಾವ ಆರೋಗ್ಯ ತೊಂದರೆ ಇರುವ ಮಗುವನ್ನು ನೀವು ಸಾಕಬಲ್ಲಿರಿ ಅನ್ನುವ ಪಟ್ಟಿಯನ್ನೂ ಈ ವೈದ್ಯರ ಎದುರು ಕೂತೇ ತುಂಬಿ. ಈಗ ಮನೆಗಾಗಿ ಕಾಯುತ್ತಿರುವ ಮಕ್ಕಳಲ್ಲಿ ಹೆಚ್ಚಿನವರು ಸ್ವಲ್ಪ ದೊಡ್ಡವರು, ಇಲ್ಲವೇ ಆರೋಗ್ಯದ ತೊಂದರೆ ಇರುವವರು, ಇಲ್ಲವೇ ಅಣ್ಣ ತಂಗಿ ಜೊತೆಯಾಗಿ ಇರುವವರು. ಆಗಲ್ಲ ಅನ್ನುವುದನ್ನು ಆಗಲ್ಲ ಅಂತಲೇ ಬರೆಯಿರಿ, ತಪ್ಪೇನಿಲ್ಲ. ಒಪ್ಪಿಕೊಂಡು ಆಮೇಲೆ ಕೈಚೆಲ್ಲಿದರೆ ಮಗು ಎರಡನೇ ಸಲ ಎಲ್ಲವನ್ನೂ ಕಳೆದುಕೊಳ್ಳುತ್ತದೆ.

ನಿಮ್ಮ ಬಗ್ಗೆಯೂ ಒಂದು ಮಾತು. ಮಕ್ಕಳಾಗಲಿಲ್ಲ ಅನ್ನುವ ದುಃಖ ಒಳಗಿದ್ದರೆ ಅದನ್ನು ಈಗ ಅತ್ತುಬಿಡಿ. ಬೇಕಿದ್ದರೆ ಆಪ್ತ ಸಲಹೆಗಾರರ ಹತ್ತಿರ ಹೋಗಿ. ಆ ದುಃಖವನ್ನು ಮರೆಸುವ ಕೆಲಸ ಮಗುವಿನ ಮೇಲೆ ಬೀಳಬಾರದು ಅಲ್ವಾ? ಇಷ್ಟು ಕಾದು ಪಡೆದ ಮಗು ಮನೆಗೆ ಬಂದ ಮೇಲೂ ಮನಸ್ಸು ಕುಸಿಯುವುದುಂಟು. ಹೆರಿಗೆಯಾದವರಿಗೆ ಆಗುವ ಹಾಗೇ ದತ್ತು ಪಡೆದವರಿಗೂ ಖಿನ್ನತೆ ಬರುತ್ತದೆ. ಬಂದರೆ ಬಚ್ಚಿಡಬೇಡಿ, ನೀವು ಕೆಟ್ಟ ತಾಯಿ ಅಂತ ಅದರ ಅರ್ಥವಲ್ಲ. ಕಾಯುವ ಕಾಲದಲ್ಲೇ ನಿದ್ದೆ, ನಡಿಗೆ, ಸ್ನೇಹಿತರು, ಇಬ್ಬರೇ ಎಲ್ಲಿಗಾದರೂ ಹೋಗಿಬರುವುದು, ಯಾವುದನ್ನೂ 'ಮಗು ಬಂದ ಮೇಲೆ' ಅಂತ ಮುಂದೂಡಬೇಡಿ.

ಇನ್ನು ಒಂದು ಸಣ್ಣ ಕೆಲಸವಿದೆ, ಇದನ್ನು ಇವತ್ತೇ ಶುರು ಮಾಡಬಹುದು. ಒಂದು ನೋಟ್‌ಬುಕ್ ತೆಗೆದುಕೊಂಡು ಮಗುವಿಗೆ ಬರೆಯಿರಿ. ದಿನಾಂಕ ಹಾಕಿ. ಇವತ್ತು ಮಳೆ ಬಂತು, ಇವತ್ತು ಏಜೆನ್ಸಿಯಿಂದ ಫೋನ್ ಬಂತು, ಇವತ್ತೂ ಸುದ್ದಿಯಿಲ್ಲ, ಹೀಗೆ. ಹುಟ್ಟಿದ ಊರು, ಸಂಸ್ಥೆಯ ಹೆಸರು, ನೋಡಿಕೊಂಡ ಆಯಾಳ ಮಾತು, ಮಗು ಸಿಕ್ಕಾಗ ಮೈಮೇಲಿದ್ದ ಬಟ್ಟೆ, ಮುಂದೆ ಗೊತ್ತಾಗುವ ಇವೆಲ್ಲವೂ ಅದೇ ಪುಸ್ತಕದಲ್ಲಿ ಸೇರಲಿ. ಹೆತ್ತವಳ ಬಗ್ಗೆ ಗೊತ್ತಾದದ್ದನ್ನು ಗೊತ್ತಾದಷ್ಟೇ ಬರೆಯಿರಿ, ಚಂದ ಮಾಡಲು ಹೋಗಬೇಡಿ. ಮಗುವಿಗೆ ಈಗಾಗಲೇ ಇರುವ ಹೆಸರನ್ನು ಅಳಿಸಬೇಡಿ. ಅಲ್ಲಿಂದ ಅದು ತನ್ನದೆಂದು ತರುವ ವಸ್ತು ಕೆಲವೊಮ್ಮೆ ಹೆಸರೊಂದೇ.

ನನ್ನ ಮಗಳಿಗೆ ಈಗ ಓದಲು ಬರುತ್ತದೆ. ಕಳೆದ ತಿಂಗಳು ಆ ನೋಟ್‌ಬುಕ್ ತೆಗೆದುಕೊಂಡು ತಾನು ಹುಟ್ಟಿದ ದಿನದ ಪುಟ ಹುಡುಕಿದಳು. ಅವತ್ತಿನ ಪುಟದಲ್ಲಿ ನಾನು ಬರೆದದ್ದು ಎರಡೇ ಸಾಲು: ಹೋಮ್ ಸ್ಟಡಿಗೆ ಇವತ್ತು ಅರ್ಜಿ ಕೊಟ್ಟೆವು, ಮನೆಗೆ ಬರುವಾಗ ತುಂಬಾ ಗಾಳಿ ಇತ್ತು. 'ಅಲ್ಲೂ ಗಾಳಿ ಇತ್ತಾ?' ಅಂತ ಕೇಳಿದಳು. ಗೊತ್ತಿಲ್ಲ ಮಗಳೇ ಅಂದೆ. ಅವಳು ಪೆನ್ಸಿಲ್ ತಂದು ನನ್ನ ಸಾಲಿನ ಕೆಳಗೆ ತನ್ನ ಎರಡು ಹೆಸರನ್ನೂ ಬರೆದಳು.