ಮರಿ ಕಪ್ಪೆಚಿಪ್ಪಿಗೆ ದಿನವೂ ಹಸಿರು ನೀರು ಬೇಕೆ?

ಪ್ರಶ್ನೆ: ನಾವು ಸಿಂಗಪುರದಲ್ಲಿದ್ದೇವೆ. ಮನೆಯ 100 ಲೀಟರಿನ ರೀಫ್ ತೊಟ್ಟಿಗೆ (ಹವಳ ಸಾಕುವ ಕಡಲ ನೀರಿನ ತೊಟ್ಟಿ) 4 ಸೆಂ.ಮೀ. ಉದ್ದದ ಮ್ಯಾಕ್ಸಿಮಾ ಕಪ್ಪೆಚಿಪ್ಪನ್ನು ತಂದಿದ್ದೇವೆ. 5 ಸೆಂ.ಮೀ.ಗಿಂತ ಚಿಕ್ಕವು ಬೆಳಕೊಂದರಿಂದಲೇ ಬದುಕಲಾರವು, ದಿನವೂ ಸಸ್ಯಪ್ಲವಕ, ಅಂದರೆ ಬಾಟಲಿಯಲ್ಲಿ ಮಾರುವ ಸೂಕ್ಷ್ಮ ಪಾಚಿಗಳ ಹಸಿರು ನೀರು, ಹಾಕಬೇಕು ಎನ್ನುತ್ತಾರೆ. ಎಷ್ಟು ಹಾಕಬೇಕು?

ಉತ್ತರ: ಹಾಕಬೇಕಾಗಿಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ಬಾಟಲಿ ಮಾರುವವರ ಉತ್ಸಾಹ ಕುಂದದಿರುವುದರಿಂದ ಮತ್ತೊಮ್ಮೆ ಬರೆಯುತ್ತಿದ್ದೇನೆ.

ನಮ್ಮ ಕರಾವಳಿಯ ಅಡುಗೆಮನೆಗಳಿಗೆ ಬರುವ ಮರುವಾಯಿ ನೀರನ್ನು ಸೋಸಿಯೇ ಹೊಟ್ಟೆ ಹೊರೆಯುವ ಪ್ರಾಣಿ. ಅದರ ದೂರದ ನೆಂಟನಾದ ಟ್ರೈಡಾಕ್ನಾದ (ನಿಮ್ಮ ಮ್ಯಾಕ್ಸಿಮಾ ಸೇರಿದ ದೈತ್ಯ ಕಪ್ಪೆಚಿಪ್ಪುಗಳ ಕುಲ) ಸಂಸಾರವೇ ಬೇರೆ. ಇದರ ಹೊಟ್ಟೆಯಿಂದ ಕವಲೊಡೆದ ಸೂಕ್ಷ್ಮ ನಳಿಕೆಗಳು ಚಿಪ್ಪಿನ ಬಾಯಲ್ಲಿ ಕಾಣುವ ಬಣ್ಣಬಣ್ಣದ ಮೆತ್ತನೆಯ ಹೊದಿಕೆಯಾದ ಮ್ಯಾಂಟಲ್‌ವರೆಗೆ ಹರಡಿಕೊಂಡಿದ್ದು, ಅವುಗಳೊಳಗೆ ಝೂಕ್ಸಾಂಥೆಲ್ಲೆ ಎಂಬ ಏಕಕೋಶ ಪಾಚಿಗಳು ನೆಲೆಸಿರುತ್ತವೆ. ಅವು ಬೆಳಕಿನಲ್ಲಿ ತಯಾರಿಸಿದ ಸಕ್ಕರೆಯಲ್ಲಿ ದೊಡ್ಡ ಪಾಲು ಆಶ್ರಯ ಕೊಟ್ಟ ಪ್ರಾಣಿಗೇ ಸೇರುತ್ತದೆ.

ಹಾಗಾದರೆ 5 ಸೆಂ.ಮೀ. ಎಂಬ ಗೆರೆ ಎಲ್ಲಿಂದ ಬಂತು? 1992ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಬೆಳವಣಿಗೆಗೂ ಉಸಿರಾಟಕ್ಕೂ ಬೇಕಾದ ಇಂಗಾಲದಲ್ಲಿ ಮರಿಗಳಿಗೆ ಶೇ 65ರಷ್ಟು, ದೊಡ್ಡವಕ್ಕೆ ಶೇ 34ರಷ್ಟು ಸೋಸಿದ ಆಹಾರದಿಂದ ದೊರೆಯುತ್ತದೆಂದು ಕಂಡುಬಂದಿತ್ತು. ಅದು ನಿಸರ್ಗದ ರೀಫ್ ನೀರಿನಲ್ಲಿದ್ದ, ಅದೇ ಕುಲದ ಗಿಗಾಸ್ ಜಾತಿಯ ಲೆಕ್ಕ. ಆಹಾರ ಸಿಕ್ಕಾಗ ಮರಿ ಎಷ್ಟು ತಿನ್ನುತ್ತದೆ ಎಂಬುದನ್ನು ಅದು ಹೇಳುತ್ತದೆಯೇ ಹೊರತು, ಸಿಗದಿದ್ದರೆ ಸಾಯುತ್ತದೆ ಎಂದಲ್ಲ. ಪ್ಲವಕ ಉಳಿಯದಂತೆ ಸೋಸಿದ ಕಡಲ ನೀರಿನಲ್ಲಿ, ಕೇವಲ ಬೆಳಕಿನ ಆಧಾರದಿಂದ ಮರಿಗಳು ತಿಂಗಳುಗಟ್ಟಲೆ ಬದುಕಿದ ಪ್ರಯೋಗಗಳೂ ಇವೆ. ಪಲಾವುವಿನಂತಹ ದ್ವೀಪಗಳ ಮರಿಕೇಂದ್ರಗಳಲ್ಲಿ ಇವು ಬೆಳೆಯುವುದು ಬಿಸಿಲು ಮತ್ತು ಹರಿಯುವ ಕಡಲ ನೀರಿನಲ್ಲಿ. ಬೇಗ ಬೆಳೆಯಲೆಂದು ಹಾಕುವುದೂ ಪ್ಲವಕವನ್ನಲ್ಲ, ಅಮೋನಿಯಂ ಲವಣವನ್ನು. ಒಂದು ರೀತಿಯಲ್ಲಿ ಗದ್ದೆಗೆ ಗೊಬ್ಬರ ಕೊಟ್ಟಂತೆಯೇ!

ಹಾಗಿದ್ದೂ ಮನೆಗೆ ತಂದ ಮರಿಗಳು ಸಾಯುತ್ತವೆ, ನಿಜ. ಸಾಗಣೆಯ ಆಯಾಸ, ಕಲ್ಲಿನಿಂದ ಕೀಳುವಾಗ ಹರಿದ ಬಿಸ್ಸಸ್ ಗ್ರಂಥಿ (ಕಲ್ಲಿಗೆ ಅಂಟಿಕೊಳ್ಳುವ ಎಳೆಗಳನ್ನು ತಯಾರಿಸುವ ಅಂಗ), ಮಂದ ಬೆಳಕು, ರಾತ್ರಿ ಚಿಪ್ಪಿನ ಅಂಚಿಗೆ ಹತ್ತಿ ರಸ ಹೀರುವ ಅಕ್ಕಿಕಾಳಿನಷ್ಟು ಚಿಕ್ಕ ಪಿರಾಮಿಡೆಲ್ಲಿಡ್ ಬಸವನಹುಳುಗಳು: ಕಾರಣ ಸಾಮಾನ್ಯವಾಗಿ ಇವುಗಳಲ್ಲೊಂದಾಗಿರುತ್ತದೆ. ಆ ಹೊತ್ತಿಗೆ ಬಾಟಲಿ ಸುರಿದರೆ 100 ಲೀಟರಿನಷ್ಟು ಕಡಿಮೆ ನೀರು ಬೇಗನೆ ಕೆಡುತ್ತದೆ, ಅಷ್ಟೆ.

ನೀವು ನಿಜವಾಗಿ ನೋಡಬೇಕಾದದ್ದು ಪಾಚಿಯ ಊಟವನ್ನು. ನೊರೆಯೆಬ್ಬಿಸಿ ನೀರಿನ ಕೊಳೆ ತೆಗೆಯುವ ಸ್ಕಿಮ್ಮರನ್ನೂ ಫಾಸ್ಫೇಟ್ ಹೀರುವ ಪುಡಿಯನ್ನೂ ಬಳಸಿ, ಪಾಚಿಗೆ ಬೇಕಾದ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಿ ಹೆಮ್ಮೆಪಡುವವರ ತೊಟ್ಟಿಯಲ್ಲಿಯೇ ಕಪ್ಪೆಚಿಪ್ಪು ಬಿಳಿಚಿಕೊಳ್ಳುತ್ತದೆ. ಲೀಟರಿಗೆ 5 ಮಿ.ಗ್ರಾಂ. ಆಸುಪಾಸಿನ ನೈಟ್ರೇಟ್ ಇರಲಿ. ಮೀನಿಗೆ ಹಾಕುವ ಮೇವಿನಿಂದಲೇ ಅದು ಒದಗುತ್ತದೆ. ಮ್ಯಾಕ್ಸಿಮಾಗೆ ಪ್ರಖರವಾದ ಬೆಳಕು ಬೇಕು, ಆದರೆ ಒಮ್ಮೆಗೇ ಬೇಡ, ಕೆಲವು ವಾರಗಳಲ್ಲಿ ಏರಿಸಿ. ಚಿಪ್ಪು ಬೆಳೆಯಲು ಕ್ಯಾಲ್ಸಿಯಂ ಲೀಟರಿಗೆ 420 ಮಿ.ಗ್ರಾಂ. ಸುತ್ತಮುತ್ತ, ಕ್ಷಾರೀಯತೆ 8ರಿಂದ 9 ಡಿಕೆಹೆಚ್ (ಕ್ಷಾರೀಯತೆಯ ಅಳತೆಮಾನ) ಇರಬೇಕು. ಚಿಪ್ಪಿನ ಮೇಲಂಚಿನಲ್ಲಿ ಹೊಸ ಬಿಳಿಯ ಪಟ್ಟಿ ಕಂಡರೆ ಅದು ಬೆಳೆಯುತ್ತಿದೆ ಎಂದರ್ಥ.

ನೀವು ಕೇಳಿಲ್ಲ, ಆದರೂ ಊರಿಗೆ ಮರಳುವವರಿಗಾಗಿ ಒಂದು ಮಾತು. ಲಕ್ಷದ್ವೀಪದಲ್ಲಿ ಮ್ಯಾಕ್ಸಿಮಾ ಸಹಜವಾಗಿಯೇ ಇದೆ. ಆದರೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಗೆ ಸೇರಿರುವುದರಿಂದ, ಅಲ್ಲಿಂದ ಹಿಡಿದು ತಂದು ಬೆಂಗಳೂರಿನ ತೊಟ್ಟಿಯಲ್ಲಿ ಸಾಕುವುದು ಅಪರಾಧ. ನೆನಪಿಗೆಂದು ದಂಡೆಯಿಂದ ಎತ್ತಿಕೊಂಡ ಖಾಲಿ ಚಿಪ್ಪಿಗೂ ಅದೇ ಕಾಯ್ದೆ ಅನ್ವಯಿಸುತ್ತದೆ.