ಓದುಗರ ಪ್ರಶ್ನೆ: ‘ಅಬ್ಲೆ’ಯೋ, ‘ಅಬ್ಲಾಬಾ’ವೋ?

ಪ್ರಶ್ನೆ: ಸ್ಪ್ಯಾನಿಷ್‌ನಲ್ಲಿ ಭೂತಕಾಲ ಹೇಳುವಾಗ ತುಂಬಾ ಹೊತ್ತು ನಡೆದ ಕೆಲಸಕ್ಕೆ ಇಂಪರ್ಫೆಕ್ಟ್ ರೂಪ (‘ಅಬ್ಲಾಬಾ’), ಬೇಗ ಮುಗಿದದ್ದಕ್ಕೆ ಪ್ರೆಟೆರಿಟ್ ರೂಪ (‘ಅಬ್ಲೆ’) ತಾನೇ?

ಅಲ್ಲ. ಇದೇ ಪ್ರಶ್ನೆ ಎಷ್ಟು ಸಲ ಬಂದರೂ ಉತ್ತರ ಅದೇ.

ಮೊದಲು ಇಂಪರ್ಫೆಕ್ಟಿನ ರೂಪಗಳನ್ನು ಮುಗಿಸಿಬಿಡೋಣ, ಅಲ್ಲೇನೂ ಗೋಜಲಿಲ್ಲ. ‘ಅಬ್ಲಾರ್’ ಅಂದರೆ ಮಾತಾಡು (ಮೊದಲಿನ ಎಚ್ ಬರೆಯಲಿಕ್ಕಷ್ಟೇ, ಉಚ್ಚಾರಕ್ಕಿಲ್ಲ). ಕೊನೆಯ ‘ಆರ್’ ತೆಗೆದು ‘ಆಬಾ’ ಹಚ್ಚಿ: ಅಬ್ಲಾಬಾ, ಅಬ್ಲಾಬಾಸ್, ಅಬ್ಲಾಬಾ, ಅಬ್ಲಾಬಾಮೋಸ್, ಅಬ್ಲಾಬಾಯ್ಸ್, ಅಬ್ಲಾಬಾನ್ (ಕ್ರಮವಾಗಿ ನಾನು, ನೀನು, ಅವನು, ನಾವು, ನೀವು, ಅವರು). ‘ನಾವು’ ರೂಪದಲ್ಲಿ ಮಾತ್ರ ಎರಡನೆಯ ಎ ಮೇಲೆ ಓರೆಗೆರೆ. ಪ್ರತ್ಯಯದಲ್ಲಿರುವುದು ಬಿ, ವಿ ಅಲ್ಲ. ಎರಡರ ಉಚ್ಚಾರವೂ ಒಂದೇ ಆದ್ದರಿಂದ ಸ್ಪೇನಿನ ಮಕ್ಕಳೂ ಇಲ್ಲಿ ಎಡವುತ್ತಾರೆ. ‘ನಾನು’, ‘ಅವನು’ ರೂಪಗಳು ಒಂದೇ. ಗೊಂದಲವಾಗುವ ಕಡೆ ‘ಯೊ’ ಅಥವಾ ‘ಎಲ್’ ಸೇರಿಸಿ. ‘ಕೊಮೆರ್’ (ತಿನ್ನು), ‘ವಿವಿರ್’ (ಬದುಕು) ಥರದವಕ್ಕೆ ‘ಈಆ’: ಕೊಮೀಆ, ವಿವೀಆ. ಇಲ್ಲಿ ಆರೂ ರೂಪಗಳಲ್ಲಿ ಐ ಮೇಲೆ ಗೆರೆ ಬೇಕೇ ಬೇಕು. ಬಿಟ್ಟರೆ ಅದು ‘ಕೋಮ್ಯಾ’ ಆಗುತ್ತದೆ. ನಿಯಮ ತಪ್ಪುವ ಕ್ರಿಯಾಪದ ಇಡೀ ಭಾಷೆಯಲ್ಲಿ ಮೂರೇ: ಸೆರ್ (ಇರು), ಇರ್ (ಹೋಗು), ವೆರ್ (ನೋಡು).

ಇನ್ನು ಆ ಹೊತ್ತಿನ ಲೆಕ್ಕ. ‘ನಿನ್ನೆ ಅಮ್ಮನ ಜೊತೆ ಎರಡು ತಾಸು ಮಾತಾಡಿದೆ’ ಎನ್ನಲು: ಆಯೆರ್ ಅಬ್ಲೆ ದೋಸ್ ಓರಾಸ್ ಕೊನ್ ಮಿ ಮಾದ್ರೆ. ಎರಡು ತಾಸು, ಆದರೂ ಪ್ರೆಟೆರಿಟ್. ‘ನೀನು ಒಳಗೆ ಬಂದಾಗ ಅಮ್ಮನ ಜೊತೆ ಮಾತಾಡ್ತಿದ್ದೆ’: ಕ್ವಾಂದೊ ಎಂತ್ರಾಸ್ತೆ, ಅಬ್ಲಾಬಾ ಕೊನ್ ಮಿ ಮಾದ್ರೆ. ಆ ಫೋನು ಅರ್ಧ ನಿಮಿಷದ್ದೇ ಇರಬಹುದು, ಆದರೂ ಇಂಪರ್ಫೆಕ್ಟ್. ಇದೂ ಸಾಲದಿದ್ದರೆ ಸರ್ವಾಧಿಕಾರಿ ಫ್ರಾಂಕೊನನ್ನು ನೋಡಿ. 1939ರಿಂದ 1975ರವರೆಗೆ ಸ್ಪೇನನ್ನು ಆಳಿದ. ‘ಮೂವತ್ತಾರು ವರ್ಷ ಆಳಿದ’ ಎನ್ನಲು ಸ್ಪ್ಯಾನಿಷ್‌ನವರು ಹೇಳುವುದು ‘ಗೋಬೆರ್ನೊ’, ಪ್ರೆಟೆರಿಟ್. ಮೂವತ್ತಾರು ವರ್ಷ ‘ಬೇಗ ಮುಗಿದದ್ದು’ ಹೇಗಾಯಿತು, ಹೇಳಿ?

ಸ್ಪ್ಯಾನಿಷ್ ಗಡಿಯಾರ ನೋಡುವುದಿಲ್ಲ. ಕೆಲಸದ ಆದಿ ಅಂತ್ಯ ಎರಡನ್ನೂ ಸೇರಿಸಿ ಇಡಿಯಾಗಿ ಹೇಳಿದರೆ ಪ್ರೆಟೆರಿಟ್. ನಡುವೆ ನಿಂತು ನೋಡಿದರೆ ಇಂಪರ್ಫೆಕ್ಟ್. ‘ಇಷ್ಟು ವರ್ಷ, ಇಷ್ಟು ತಾಸು’ ಎಂದು ಅಳತೆ ಕೊಟ್ಟ ಕೂಡಲೇ ಬಾಗಿಲು ಹಾಕಿದಂತೆ.

ಕನ್ನಡಿಗರು ಜಾರುವುದು ಇಲ್ಲಿಯೇ. ನಮ್ಮ ‘ಮಾತಾಡುತ್ತಿದ್ದೆ’ ಆ ಕ್ಷಣದ್ದಕ್ಕೂ ದಿನಾ ಮಾಡುತ್ತಿದ್ದದ್ದಕ್ಕೂ ಒಂದೇ, ‘ಅಬ್ಲಾಬಾ’ ಇದ್ದ ಹಾಗೇ. ಅಷ್ಟರಮಟ್ಟಿಗೆ ಇಂಗ್ಲಿಷಿನ ದಾರಿ ಹಿಡಿಯುವವರಿಗಿಂತ ನಾವು ಮುಂದೆ. ಆದರೆ ‘ಹತ್ತು ವರ್ಷ ದುಬೈಯಲ್ಲಿ ಕೆಲಸ ಮಾಡ್ತಿದ್ದೆ’ ಎಂದರೂ ಕನ್ನಡ ಒಪ್ಪುತ್ತದೆ, ಸ್ಪ್ಯಾನಿಷ್ ಒಪ್ಪುವುದಿಲ್ಲ. ಅಲ್ಲಿ ‘ತ್ರಾಬಾಹೆ ದಿಯೆಸ್ ಆನ್ಯೋಸ್’ ಆಗಬೇಕು, ‘ತ್ರಾಬಾಹಾಬಾ’ ಅಲ್ಲ. ಹಾಗಾದರೆ ‘ತೋದೋಸ್ ಲೋಸ್ ದಿಯಾಸ್ ಅಬ್ಲಾಬಾ ದೋಸ್ ಓರಾಸ್’ (ದಿನಾ ಎರಡು ತಾಸು ಮಾತಾಡ್ತಿದ್ದೆ) ಸರಿ ಹೇಗೆ? ಎರಡು ತಾಸು ಒಂದೊಂದು ದಿನದ ಅಳತೆ. ಆ ರೂಢಿ ಎಷ್ಟು ಕಾಲ ನಡೆಯಿತು ಎಂಬುದಕ್ಕೆ ಅಳತೆಯೇ ಇಲ್ಲ.

ಯಾರೂ ಕೇಳದಿದ್ದರೂ ಇನ್ನೊಂದು. ಸ್ಪೇನಿನ ಹೋಟೆಲಿಗೆ ಹೋಗಿ ಕಾಫಿ ಕೇಳುವವರು ‘ಕೆರೀಆ ಉನ್ ಕಾಫೆ’ ಎನ್ನುತ್ತಾರೆ. ಬೇಕಾಗಿರುವುದು ಈಗ, ಕ್ರಿಯಾಪದ ಮಾತ್ರ ಭೂತಕಾಲದ್ದು. ವಿಚಿತ್ರ ಅನ್ನಿಸಿತೇ? ‘ನಿಮ್ಮಿಂದ ಒಂದು ಸಹಾಯ ಬೇಕಿತ್ತು’ ಎನ್ನುವಾಗ ನಾವು ಮಾಡುವುದೂ ಅದನ್ನೇ. ‘ಬೇಕು’ ಎಂದರೆ ಒರಟು, ‘ಬೇಕಿತ್ತು’ ಎಂದರೆ ನಯ. ‘ನನಗೆ ಬೇಕು’ ಎನ್ನುವ ‘ಕಿಯೆರೊ’ದ ನಡುವಿನ ‘ಇಯೆ’ ಇಂಪರ್ಫೆಕ್ಟಿಗೆ ಬರುವುದಿಲ್ಲ, ‘ಕಿಯೆರೀಆ’ ಎಂದೀರಿ, ಜೋಕೆ. ಅಲ್ಲೇ ಪ್ರೆಟೆರಿಟಿನ ‘ಕೀಸೆ’ ಬಳಸಿದರೆ ‘ಬೇಕು ಅನ್ನಿಸಿತ್ತು, ಆ ಆಸೆ ಮುಗಿಯಿತು’ ಎಂದ ಹಾಗೆ. ಮಾಣಿ ಕಾಫಿ ತರಬೇಕೋ ಬೇಡವೋ ಎಂದು ಮುಖ ನೋಡುತ್ತಾನೆ.